ಬಳೆ ಪೆಟ್ಟಿಗೆಯ ಕೋಳಿ

ನನ್ನ ಗಂಡ ಕುಡಿಯುತ್ತಿದ್ದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಗೌಂಡಿಯ ಹೆಂಡತಿಯಾಗಿ ಇಷ್ಟು ವರ್ಷ ಬಾಳಿದವಳು ತಳಪಾಯ ಬಿಟ್ಟು ಗೋಡೆ ಎಬ್ಬಿಸಿದರೆ ಚೆನ್ನಾಗಿರುವುದಿಲ್ಲ.

ಆಗ ನಾವು ದೇವದುರ್ಗದಲ್ಲಿದ್ದೆವು. ನಾನು ಅಲ್ಲಿಯ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದೆ, ಎಲ್ಲರ ಬಾಯಲ್ಲೂ ನಾನು ಬಾಯಾರು, ಅವರು ಊರಿನ ಮನೆಗಳನ್ನು ಕಟ್ಟುತ್ತಿದ್ದರು. ಹೊತ್ತು ಮುಳುಗಿ ಕೆಲಸ ನಿಂತಿತೆಂದರೆ ಸಂಗಡಿಗರೆಲ್ಲ ಕೈಕಾಲಿನ ಸಿಮೆಂಟು ತೊಳೆದುಕೊಳ್ಳುತ್ತಿದ್ದರು, ಆಮೇಲೆ ಅವರ ಕಾಲುಗಳು ತಾವಾಗಿಯೇ ಸೇಂದಿ ಅಂಗಡಿಯ ದಾರಿ ಹಿಡಿಯುತ್ತಿದ್ದವು. ಇವರು ಹೊಡೆಯುವವರಲ್ಲ, ಬಡಿಯುವವರಲ್ಲ. ತೆಪ್ಪಗೆ ಬಂದು, ತೆಪ್ಪಗೆ ಮಲಗುತ್ತಿದ್ದರು. ನೆರೆಹೊರೆಯ ಹೆಂಗಸರು ನನಗೆ, "ಹೊಡಿಯೂದಿಲ್ಲಲ್ಲ ಬೇ, ಪುಣ್ಯವಂತಿ ನೀ" ಎನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೊಡೆಯದೇ ಇರುವುದು ಒಂದು ಗುಣವೆಂದು ಎಣಿಸುವ ಕಾಲ ಬಂತಲ್ಲ ಎಂದು.

ಊರಿನಲ್ಲಿ ಗೌಂಡಿಗಳು ಇನ್ನೂ ಮೂರ್ನಾಲ್ಕು ಮಂದಿ ಇದ್ದರು. ಯಾರಾದರೂ ಮನೆ ಕಟ್ಟಿಸಲು ವಿಚಾರಿಸಿದರೆ, "ಯಾವ ಗೌಂಡಿ? ಆ ಕುಡುಕ ಗೌಂಡಿನ? ಕೆಲಸ ಚಲೋ ಮಾಡ್ತಾನ" ಎನ್ನುತ್ತಿದ್ದರು. ಹೊಗಳಿದಂತೆಯೂ ಆಯಿತು, ಹೆಸರಿಟ್ಟಂತೆಯೂ ಆಯಿತು. ಬೆಳಗಿನ ಹೊತ್ತು ಎಚ್ಚರದಲ್ಲಿರುವಾಗ ಆ ಹೆಸರು ಕಿವಿಗೆ ಬಿದ್ದರೆ ಅವರ ಮುಖ ಸಣ್ಣದಾಗುತ್ತಿತ್ತು. ಸಂಜೆ ಅದನ್ನು ಮರೆಯಲು ಮತ್ತೆ ಅಲ್ಲಿಗೇ ಹೋಗುತ್ತಿದ್ದರು.

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ನನಗೆ ಸಾಕಾಗಿತ್ತು. ರಾಯಚೂರಿನ ಕಚೇರಿಗೆ ಹೋಗಿ ವರ್ಗಾವಣೆ ಕೇಳಿದೆ. ವಶೀಲಿ ಇದ್ದವರೆಲ್ಲ ರಾಯಚೂರನ್ನೇ ಕೇಳುತ್ತಿದ್ದ ಕಾಲ. ನಾನು ಮಾನ್ವಿ ಎಂದಾಗ ಅಲ್ಲಿದ್ದ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, "ಮಾನ್ವಿನ ಯಾರರ ಬೇಡಿ ಹೋಗ್ತಾರೇನ್ರಿ ಬಾಯಾರ?" ಎಂದರು. "ನಾ ಹೋಗ್ತೀನ್ರಿ" ಎಂದೆ. ಮಾನ್ವಿಯ ಸುತ್ತ ಕಾಲುವೆ ನೀರು ಬಂದು ಭತ್ತ ಬೆಳೆಯುತ್ತಿತ್ತು, ಕೈಯಲ್ಲಿ ನಾಲ್ಕು ಕಾಸು ಓಡಾಡಿ ಜನ ಮನೆ ಕಟ್ಟಿಸುತ್ತಿದ್ದರು, ಗೌಂಡಿಗೆ ಕೆಲಸಕ್ಕೆ ಬರವಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅಲ್ಲಿ ನಮ್ಮನ್ನು ಬಲ್ಲವರು ಒಬ್ಬರೂ ಇರಲಿಲ್ಲ.

ಸಿರವಾರದಲ್ಲಿ ಬಸ್ಸು ಬದಲಿಸಿ ಕೂತಾಗ, ಕಾಲ ಕೆಳಗೆ ಟ್ರಂಕು ಇಟ್ಟುಕೊಂಡು, ಅವರಿಗೆ ಒಂದೇ ಮಾತು ಹೇಳಿದೆ. "ನಾ ನಿಮ್ಮ ಕಡಿಂದ ಆಣಿ ಗೀಣಿ ಹಾಕಿಸ್ಕೊಳ್ಳೂದಿಲ್ಲ. ಆ ಊರಾಗ ನೀವು ಯಾರಂತ ಯಾರಿಗೂ ಗೊತ್ತಿಲ್ಲ. ಬರೇ ಗೌಂಡಿ. ಹಂಗೇ ಇರ್ರಿ."

ಅವರು ಕಿಟಕಿಯ ಹೊರಗೆ ನೋಡುತ್ತ "ಹೂಂ" ಎಂದರು. ನಾನೂ ಅಷ್ಟಕ್ಕೇ ಬಿಟ್ಟೆ.

ಮಾನ್ವಿಯಲ್ಲಿ ನಮಗೆ ಮನೆ ಕೊಟ್ಟವಳು ಬಳೆ ಮಾರುವ ಒಬ್ಬ ಮುಸಲ್ಮಾನ ಹೆಂಗಸು. ಗಂಡ ತೀರಿಹೋಗಿದ್ದ, ಮಗ ಲಾರಿಯ ಮೇಲೆ ಊರೂರು ಸುತ್ತುತ್ತಿದ್ದ, ಮನೆಯಲ್ಲಿ ಆಕೆ ಮತ್ತು ಸೊಸೆ. ಓಣಿಯವರೆಲ್ಲ ಖಾಲಾ ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ನಡುವೆ ಒಂದು ಅಂಗಳ. ಆಚೆ ಅವರ ಮನೆ, ಈಚೆ ನಮ್ಮ ಎರಡು ಕೋಣೆ. ಬಳೆಯ ಗಂಟು ಹೊತ್ತು ಸುತ್ತಲಿನ ಸಂತೆಗಳನ್ನೆಲ್ಲ ತಿರುಗಿ ಬರುವ ಆಕೆಗೆ ಬಾಯಿ ಜೋರು. ಸೊಸೆಯ ಜೊತೆ ದಖನಿ ಉರ್ದುವಿನಲ್ಲಿ ಮಾತು, ನಮ್ಮ ಜೊತೆ ಕನ್ನಡದಲ್ಲಿ, ಅಂಗಳದ ಕೋಳಿಗಳ ಜೊತೆ ಎರಡರಲ್ಲೂ ಬೈಗುಳ.

ನನ್ನ ಗಂಡ ಕುಡಿಯುವುದನ್ನು ಬಿಟ್ಟಿದ್ದರು. ಹೇಳಿ ಕೇಳಿ ಬಿಟ್ಟದ್ದಲ್ಲ, ಸುಮ್ಮನೆ ನಿಲ್ಲಿಸಿದ್ದರು. ಹಗಲೇನೋ ಸಾಗುತ್ತಿತ್ತು. ಕಷ್ಟವೆಂದರೆ ದೀಪ ಹಚ್ಚುವ ಹೊತ್ತು. ಕೆಲಸದಿಂದ ಬಂದು, ಸ್ನಾನ ಮಾಡಿ, ಹೊಸ್ತಿಲ ಕಲ್ಲಿನ ಮೇಲೆ ಕೂತರೆಂದರೆ ಕೈಗಳನ್ನು ಎಲ್ಲಿ ಇಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಒಮ್ಮೆ ಮೊಳಕಾಲ ಮೇಲೆ, ಒಮ್ಮೆ ತಲೆಯ ಹಿಂದೆ, ಒಮ್ಮೆ ಕಂಕುಳಲ್ಲಿ. ನಾನು ಅಕ್ಕಿಯ ಮೊರವನ್ನು ಅವರ ಮುಂದೆ ಸರಿಸುತ್ತಿದ್ದೆ. ಅವರಷ್ಟು ಚೊಕ್ಕವಾಗಿ ಅಕ್ಕಿ ಆರಿಸಿದ ಗಂಡಸನ್ನು ನಾನು ಕಂಡಿಲ್ಲ. ಕಲ್ಲಿನ ಲೆಕ್ಕದಲ್ಲಿ ಅವರನ್ನು ಮೀರಿಸುವವರು ಯಾರು?

ಒಂದು ದಿನ ಕೆಲಸದಿಂದ ಬಂದವರೇ, "ಇವತ್ತ ಮನಿ ಮಾಲಕರು ನನಗ ಗೌಂಡ್ಯಾರ ಬರ್ರಿ ಅಂದ್ರು" ಎಂದರು. ಉಣ್ಣುವಾಗ ಅದನ್ನೇ ಇನ್ನೊಮ್ಮೆ ಹೇಳಿದರು. ಆ ರಾತ್ರಿ ನನಗೆ ಬಂದ ನಿದ್ದೆಯಂಥ ನಿದ್ದೆ ಎಷ್ಟೋ ವರ್ಷಗಳಿಂದ ಬಂದಿರಲಿಲ್ಲ.

ಹೀಗೆ ಎಲ್ಲ ನೆಟ್ಟಗಾಗುತ್ತಿದೆ ಎನ್ನುವಾಗ, ಶಿವರಾತ್ರಿಗೆ ಇನ್ನೂ ಕೆಲವು ದಿನಗಳಿರುವಾಗ, ಒಂದು ಸಂಜೆ ಅವರು ಬಚ್ಚಲಿನಿಂದ ಮೈ ಒರೆಸಿಕೊಳ್ಳದೇ ಒಳಗೆ ಬಂದರು. ನೀರು ತೊಟ್ಟಿಕ್ಕುತ್ತಿತ್ತು. ಒಲೆಯ ಮುಂದೆ ಕೂತಿದ್ದ ನಾನು ರೇಗಿ ಏನೋ ಅನ್ನಬೇಕೆಂದವಳು ಅವರ ಮುಖ ನೋಡಿ ಸುಮ್ಮನಾದೆ.

"ನಮ್ಮನ್ನ ಹೊರಗ ಹಾಕ್ತಾರ" ಎಂದರು.

"ಯಾರು?"

"ಖಾಲಾ. ಸೊಸಿ ಮುಂದ ಹೇಳಾಕತ್ತಿದ್ಳು. ಗ್ವಾಡಿ ಆಚಿ ನಿಂತು ನಾನೇ ಕೇಳೀನಿ."

ನಮ್ಮ ಸೀಮೆಯಲ್ಲಿ ದಖನಿ ಬಾರದ ಗೌಂಡಿ ಇರುವುದಿಲ್ಲ. ಉಸುಕು, ಸುಣ್ಣ, ಚಹಾ, ಬೀಡಿ ಕೇಳುವಷ್ಟು, ತುಸು ಜಗಳವಾಡುವಷ್ಟು ಎಲ್ಲರಿಗೂ ಬರುತ್ತದೆ. ಖಾಲಾ ಅಂದದ್ದನ್ನು ಅವರು ಒಂದಕ್ಷರ ಬಿಡದೆ ಒಪ್ಪಿಸಿದರು. "ಕುಡಕ್ ಹೋಗಯಾ. ಘರ್ ಮೆ ನಕ್ಕೊ. ಬಾಹರ್ ಅಲಗ್ ರಖ್ನಾ."

ನನ್ನ ಕೈಯಲ್ಲಿದ್ದ ರೊಟ್ಟಿ ಹಂಚಿನ ಮೇಲೆ ಬೀಳುವ ಬದಲು ಬೂದಿಗೆ ಬಿತ್ತು. ಇದರಲ್ಲಿ ಅನುಮಾನ ಪಡಲು ಏನು ಉಳಿದಿತ್ತು? ಕುಡುಕ ಆಗಿದ್ದಾನೆ. ಮನೆಯಲ್ಲಿ ಬೇಡ. ಹೊರಗೆ, ಬೇರೆ ಇಡಬೇಕು. ಯಾರೋ ದೇವದುರ್ಗದವರು ಬಂದು ಹೇಳಿದ್ದಾರೆ, ಸುದ್ದಿ ಅಲ್ಲಿಂದ ಬಸ್ಸು ಹತ್ತಿ ನಮ್ಮ ಬೆನ್ನ ಹಿಂದೆಯೇ ಬಂದಿದೆ ಎಂದುಕೊಂಡೆ. ಒಂದು ತೊಟ್ಟು ಬಾಯಿಗೆ ಹಾಕಿಕೊಳ್ಳದೆ ಇಷ್ಟು ದಿನ ಕಳೆದ ಮನುಷ್ಯನಿಗೆ ಮತ್ತೆ ಅದೇ ಹೆಸರು.

ನನ್ನ ಸಿಟ್ಟು ಶಾಲೆಯ ಮಕ್ಕಳಿಗೆಲ್ಲ ಗೊತ್ತು. ಹೆಡ್‌ಮಾಸ್ತರರೂ ನನ್ನ ಸಂಗಡ ಮಾತಾಡುವಾಗ ಬಾಗಿಲ ಹತ್ತಿರವೇ ನಿಲ್ಲುತ್ತಿದ್ದರು. ಅಂಥವಳು ಅಂಗಳ ದಾಟಿ ಹೋಗಿ, ಏನ್ರಿ ಖಾಲಾ ಹಿಂಗಂದ್ರಿ ಎಂದು ಒಂದು ಮಾತು ಕೇಳಬಹುದಿತ್ತು. ಕೇಳಲು ಧೈರ್ಯ ಬರಲಿಲ್ಲ. ಕೇಳಿ, ಆಕೆ ಹೌದು ಎಂದುಬಿಟ್ಟರೆ ಮುಂದೆ ಹೋಗುವುದೆಲ್ಲಿಗೆ?

ಹಾಗಾಗಿ ಮುಖ ಗಂಟಿಕ್ಕಿಕೊಂಡು ಓಡಾಡಿದೆ. ಖಾಲಾ ಸೊಸೆಯ ಕೈಯಲ್ಲಿ ಖಿಚಡಿ, ಜೊತೆಗೆ ಹುಣಸೆಹುಳಿಯ ಕಟ್ಟಾ ಕಳಿಸಿದಳು. "ಹೊಟ್ಟಿ ತುಂಬ್ಯಾದ" ಎಂದು ತಿರುಗಿ ಕಳಿಸಿದೆ. ಸ್ವಲ್ಪ ಹೊತ್ತಿಗೆ ಖಾಲಾಳೇ ಬಟ್ಟಲು ಹಿಡಿದು ಬಂದು, "ಹೋದ ಸಲ ಹುಳಿ ಹೆಚ್ಚಾಗಿತ್ತೇನ್ರಿ ಬಾಯಾರ?" ಎಂದು ಕೇಳಿದಳು. ಎಂಥ ನಾಟಕದವಳು ಈಕೆ ಎನಿಸಿತು. ಆಮೇಲೆ ಆಕೆ ಮಾಡಿದ್ದೆಲ್ಲ ನನ್ನ ಕಣ್ಣಿಗೆ ಒಂದಕ್ಕೊಂದು ತಾಳೆಯಾಗುತ್ತ ಹೋಯಿತು. ಬೇವಿನ ಗಿಡದ ಹತ್ತಿರ ನಿಂತು ಜಾಗ ಅಳೆಯುತ್ತಿದ್ದಳು. ಸೊಸೆಯ ಜೊತೆ ಪಿಸುಪಿಸು ನಡೆದಿತ್ತು. ನಾನು ಶಾಲೆಗೆ ಹೊರಟಾಗ ಅಡ್ಡ ಬಂದು, "ನಿಮ್ಮ ಮನಿಯವರು ಇವತ್ತ ಸಂಜಿಮುಂದ ಇರ್ತಾರೇನ್ರಿ? ಅವರಿಗಿ ಒಂದ್ ಮಾತು ಕೇಳೂದದ" ಎಂದಳು.

ಆ ದಿನ ಮಕ್ಕಳಿಗೆ ಏನು ಪಾಠ ಮಾಡಿದೆನೋ ದೇವರೇ ಬಲ್ಲ.

ಸಂಜೆ ಮನೆಗೆ ಬಂದಾಗ ಅವರು ನನಗಿಂತ ಮುಂಚೆ ಬಂದಿದ್ದರು. ಅಕ್ಕಿಯ ಮೊರ ಮೂಲೆಯಲ್ಲಿತ್ತು. ಅವರು ತೊಳೆದ ಅಂಗಿ ಹಾಕಿಕೊಂಡು ತಲೆ ಬಾಚಿಕೊಳ್ಳುತ್ತಿದ್ದರು.

"ಎಲ್ಲಿಗಿ?"

"ಸುಮ್ನ. ಬಜಾರದ ಕಡಿ."

ಬಜಾರದ ಕಡೆ ಏನಿದೆಯೆಂದು ನನಗೆ ಗೊತ್ತಿತ್ತು, ನನಗೆ ಗೊತ್ತಿದೆಯೆಂದು ಅವರಿಗೂ ಗೊತ್ತಿತ್ತು. ನಾನು ಬಾಗಿಲಿಗೆ ಅಡ್ಡ ನಿಂತೆ. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು. "ಕುಡದಾಗೂ ಅದ ಹೆಸರು, ಬಿಟ್ಟಾಗೂ ಅದ ಹೆಸರು" ಎಂದರು. "ಬಿಟ್ಟು ನನಗೇನು ಬಂತು, ನೀನ ಹೇಳು."

ನನಗೆ ಭಯವಾಗಿತ್ತು, ಬರೀ ಭಯ. ಈ ಹೊಸ್ತಿಲು ದಾಟಿ ಇವರು ಹೋದರೆ ದೇವದುರ್ಗದಿಂದ ಇಲ್ಲಿಗೆ ಬಂದದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ. ಅವರು ನನ್ನ ಹೆಗಲು ಮೆಲ್ಲಗೆ ಸರಿಸಿ ಚಪ್ಪಲಿಗೆ ಕಾಲು ಹಾಕಿದರು.

ಅಷ್ಟರಲ್ಲಿ ಅಂಗಳದ ಆಚೆಯಿಂದ ಖಾಲಾಳ ದನಿ ಕೇಳಿತು. "ಗೌಂಡ್ಯಾರ, ಜರಾ ಈ ಕಡಿ ಬರ್ರಿ. ನಿಮ್ಮ ಕಡಿಂದ ಒಂದು ಕೆಲಸ ಆಗಬೇಕಾಗ್ಯದ."

ಅವರು ನನ್ನ ಮುಖ ನೋಡಿದರು. ಆಗುವುದು ಆಗಿಹೋಗಲಿ ಎನ್ನುವ ಹಾಗೆ ನಡೆದರು, ನಾನು ಸೆರಗು ಸಿಕ್ಕಿಸಿಕೊಂಡು ಬೆನ್ನ ಹಿಂದೆ ಹೋದೆ. ಖಾಲಾ ತನ್ನ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಬಲಗೈಗೆ ಅರಿವೆ ಸುತ್ತಿಕೊಂಡಿದ್ದಳು.

"ಈ ಕುಡಕ್‌ಗೆ ಒಂದು ಬ್ಯಾರೆ ಮನಿ ಕಟ್ಟಿಕೊಡ್ರಿ ಗೌಂಡ್ಯಾರ" ಎಂದಳು. "ನನಗ ಇದರ ಸಂಗಾಟ ಸಾಕಾಗ್ಯದ."

ಅವರ ಕುತ್ತಿಗೆಯ ನರ ಉಬ್ಬಿದ್ದು ನನಗೆ ಹಿಂದಿನಿಂದ ಕಂಡಿತು. "ಯಾವ ಕುಡುಕ?" ಎಂದು ಕೇಳಿದರು. ದನಿ ಗಟ್ಟಿಯಾಗಿತ್ತು.

"ಇದ ನೋಡ್ರಿ" ಎಂದು ಖಾಲಾ ಒಳಗೆ ಬೆರಳು ಮಾಡಿದಳು.

ಬಳೆಗಳು ಬರುವ ಮರದ ಪೆಟ್ಟಿಗೆ. ಬಳೆ ಒಡೆಯದಿರಲೆಂದು ಅದರ ತುಂಬ ಒಣಹುಲ್ಲು ತುಂಬಿರುತ್ತಿದ್ದರು. ಆ ಹುಲ್ಲಿನ ನಡುವೆ ಒಂದು ಬೂದು ಬಣ್ಣದ ಕೋಳಿ ಪುಕ್ಕವನ್ನೆಲ್ಲ ಉಬ್ಬಿಸಿಕೊಂಡು ಅಂಬಲಿ ಗಡಿಗೆಯಷ್ಟು ದಪ್ಪವಾಗಿ ಕೂತಿತ್ತು. ನಮ್ಮನ್ನು ಕಂಡು ಗಂಟಲೊಳಗೇ ಗುರ್ರೆಂದಿತು.

ನನ್ನ ಗಂಡ ಬಗ್ಗಿ ಪೆಟ್ಟಿಗೆಯೊಳಗೆ ನೋಡಿದರು.

"ಇದು ಕಾವಿಗಿ ಕುಂತದ" ಎಂದರು ನನ್ನ ಗಂಡ, ನಿಧಾನವಾಗಿ.

"ಹೂಂ ಮತ್ತ. ನಮ್ಮ ಮಾತಿನಾಗ ಕುಡಕ್ ಅಂತಾರ. ಕಾವಿಗಿ ಕುಂತ ಮುರ್ಗಿಗೆ ಕುಡಕ್ ಮುರ್ಗಿ. ನಿಮಗ ಗೊತ್ತಿಲ್ಲೇನು?"

ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ನಮ್ಮ ಮನೆಗೆ ಓಡಿದೆ. ನಗುತ್ತಿದ್ದೆನೋ ಅಳುತ್ತಿದ್ದೆನೋ ಹೇಳಲು ಬಾರದು, ಎರಡೂ ಒಟ್ಟಿಗೇ ಬಂದವು. ಹುಟ್ಟಿದಾಗಿನಿಂದ ಮುಸಲ್ಮಾನರ ಮನೆಗಳ ನಡುವೆ ಬೆಳೆದವರು ನಾವಿಬ್ಬರೂ. ಅವರ ಮದುವೆಯ ಹಾಡು ಬರುತ್ತದೆ, ಬೈಗುಳಗಳು ಬರುತ್ತವೆ. ಈ ಒಂದು ಶಬ್ದ ಮಾತ್ರ ಇಷ್ಟು ದಿನ ನಮ್ಮ ಕಣ್ಣು ತಪ್ಪಿಸಿ ಓಡಾಡಿಕೊಂಡಿತ್ತು. ಮುಖ ತೊಳೆದುಕೊಂಡು ಮತ್ತೆ ಅಂಗಳಕ್ಕೆ ಬಂದಾಗ ನನ್ನ ಗಂಡ ಚಪ್ಪಲಿ ಬಿಟ್ಟು, ಪೆಟ್ಟಿಗೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದರು. ಆ ಸಂಜೆ ಅವರು ಬಜಾರಕ್ಕೆ ಹೋಗಲಿಲ್ಲ.

ಖಾಲಾಳ ತೊಂದರೆ ನಿಜವಾದದ್ದೇ. ಮದುವೆಗಳು ಹತ್ತಿರ ಬಂದಿದ್ದವು. ಮದುಮಕ್ಕಳಿಗೆ ಬೇಕಾದ ಹಸಿರು ಬಳೆಗಳೆಲ್ಲ ಆ ಪೆಟ್ಟಿಗೆಯ ತಳದಲ್ಲಿದ್ದವು, ಮೇಲೆ ಈ ಮಹಾರಾಣಿ. ಕೈ ಹಾಕಿದರೆ ಕುಕ್ಕಿ ರಕ್ತ ಬರಿಸುತ್ತಿದ್ದಳು. ಸಾಲದ್ದಕ್ಕೆ ಉಳಿದ ಕೋಳಿಗಳೂ ಬಂದು ಅದೇ ಪೆಟ್ಟಿಗೆಯಲ್ಲಿ ಮೊಟ್ಟೆ ಇಟ್ಟು ಹೋಗುತ್ತಿದ್ದವು. ಯಾವುದು ಹಳೆಯ ಮೊಟ್ಟೆ, ಯಾವುದು ನಿನ್ನೆಯದು ಎಂಬುದೇ ತಿಳಿಯುತ್ತಿರಲಿಲ್ಲ. ಒಂದನ್ನೊಂದು ತಳ್ಳಾಡಿ ಬಳೆ ಒಡೆದದ್ದೂ ಆಗಿತ್ತು. ಹೋದ ವರ್ಷ ಕೋಳಿಬೇನೆ ಬಂದು ಆಕೆಯ ಹಿಂಡೆಲ್ಲ ಸತ್ತು ಇವು ನಾಲ್ಕಾರು ಉಳಿದಿದ್ದವು, ಅವುಗಳಲ್ಲಿ ಮರಿ ಮಾಡಲು ಕೂತದ್ದು ಇದೊಂದೇ. ಇದನ್ನು ಓಡಿಸುವ ಮನಸ್ಸೂ ಆಕೆಗಿರಲಿಲ್ಲ.

ನನ್ನ ಗಂಡ ಕೋಳಿಯ ಅಳತೆಯನ್ನು ಗೇಣಿನಲ್ಲಿ ತೆಗೆದುಕೊಂಡರು. ಬೇವಿನ ಗಿಡದ ನೆರಳು ಬೀಳುವ ಮೂಲೆಯಲ್ಲಿ ಕಲ್ಲು ಮಣ್ಣಿನಿಂದ ಗೂಡು ಎಬ್ಬಿಸಿದರು. ಕೆಲಸ ಮಾಡುವ ಕಡೆಯಿಂದ ಒಂದು ಒಡೆದ ಫರಸಿ ಕಲ್ಲು ಕೇಳಿ ತಂದು ಮೇಲೆ ಹಾಸಿದರು. ಗಾಳಿಯಾಡಲು ಪಕ್ಕದಲ್ಲಿ ಕಿಂಡಿ, ಮುಂದೆ ಬಿದಿರು ಸೀಳಿನ ಬಾಗಿಲು, ಹೇನು ಹತ್ತದಂತೆ ಒಳಗೆಲ್ಲ ಸುಣ್ಣ. ಒಂದು ಸಂಜೆಯಲ್ಲಿ ಮುಗಿಯುವ ಕೆಲಸಕ್ಕೆ ಎರಡು ಸಂಜೆ ಹಿಡಿದರು. ತೂಕದ ಗುಂಡು ಇಳಿಬಿಟ್ಟು ಗೋಡೆ ನೆಟ್ಟಗಿದೆಯೇ ನೋಡಿದರು. ಖಾಲಾ ಕಟ್ಟೆಯ ಮೇಲೆ ಕೂತು, "ಮುರ್ಗಿಗೆ ಕಟ್ಟಾಕತ್ತೀರೋ, ತಾಸೀಲ್ದಾರರಿಗೋ?" ಎಂದು ನಗೆಯಾಡಿದಳು. "ಗ್ವಾಡಿ ಸೊಟ್ಟ ಆದ್ರ ನನಗ ನಿದ್ದಿ ಬರಂಗಿಲ್ಲ ಖಾಲಾ" ಎಂದರು ಇವರು. ಅವರು ಇಷ್ಟು ಮಾತಾಡಿ ಎಷ್ಟು ಕಾಲವಾಗಿತ್ತು. ನಾನು ಖಾಲಾಳ ಕಟ್ಟಾವನ್ನು ಕೇಳಿ ಬಡಿಸಿಕೊಂಡು ತಿಂದೆ. ಹುಳಿ ಸ್ವಲ್ಪ ಹೆಚ್ಚೇ ಇತ್ತು, ಹೇಳಲಿಲ್ಲ.

ಗೂಡು ಒಣಗಿದ ಮೇಲೆ ಖಾಲಾಳಿಗೆ ತಾಳ್ಮೆ ಎಲ್ಲಿಯದು? ನಾವು ಕೆಲಸಕ್ಕೆ ಹೋದಾಗ ಹಾಡಹಗಲೇ ಕೋಳಿಯನ್ನು ಎತ್ತಿ ತಂದು ಹೊಸ ಗೂಡಿನಲ್ಲಿ ತುರುಕಿದ್ದಾಳೆ, ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದ್ದಾಳೆ. ನಾನು ಶಾಲೆಯಿಂದ ಬರುವ ಹೊತ್ತಿಗೆ ಕೋಳಿ ಬಾಗಿಲ ಬಿದಿರನ್ನು ಹಾರಿಸಿ ಹೊರಬಿದ್ದು, ಮತ್ತೆ ಆ ಹಿಂದಿನ ಕೋಣೆಗೇ ಹೋಗಿ ಕೂತಿತ್ತು. ಪೆಟ್ಟಿಗೆ ಇಲ್ಲ, ಹುಲ್ಲಿಲ್ಲ, ಮೊಟ್ಟೆಯಿಲ್ಲ. ಪೆಟ್ಟಿಗೆ ಇದ್ದ ಬರೀ ನೆಲದ ಮೇಲೆ ರೆಕ್ಕೆ ಅಗಲಿಸಿಕೊಂಡು, ಏನೂ ಇಲ್ಲದ್ದಕ್ಕೆ ಕಾವು ಕೊಡುತ್ತಿತ್ತು. ಖಾಲಾ ತಲೆಯ ಮೇಲೆ ಕೈ ಹೊತ್ತು ಕೂತಿದ್ದಳು.

ಸಂಜೆ ಬಂದ ನನ್ನ ಗಂಡ ಅದರ ಪಕ್ಕದ ನೆಲವನ್ನು ಕೈಯಿಂದ ಸವರಿ ನೋಡಿದರು. ಆಮೇಲೆ, "ಹಗಲ ಹೊತ್ತಿನಾಗ ಎಬ್ಬಿಸಬಾರದಾಗಿತ್ತು. ಅದಕ್ಕ ತಾ ಕುಂತ ಜಾಗ ಕಣ್ಣಿಗಿ ಕಾಣತದ, ಹೊಳ್ಳಿ ಅಲ್ಲೇ ಹೋಗತದ" ಎಂದರು. ಅವರು ಇದನ್ನು ಎಲ್ಲಿ ಕಲಿತಿದ್ದರೋ. ಅವರ ತಾಯಿ ಕೋಳಿ ಸಾಕಿದ್ದರು, ಅಷ್ಟು ಗೊತ್ತು. ಅವರಿಗೆ ಇನ್ನೊಂದು ಉಪಾಯವೂ ಹೊಳೆದಿತ್ತು. ಗಾರೆಯನ್ನು ಮೊಟ್ಟೆಯ ಆಕಾರಕ್ಕೆ ಉಂಡೆ ಮಾಡಿ, ನುಣ್ಣಗೆ ತೀಡಿ, ಸುಣ್ಣ ಹಚ್ಚಿ ಒಣಗಿಸಿದರು. ಕೋಳಿ ಹೊಸ ಜಾಗಕ್ಕೆ ಒಗ್ಗುವವರೆಗೆ ಅದರ ಕೆಳಗೆ ಇವು ಇರಲಿ, ಒಗ್ಗಿದ ಮೇಲೆ ನಿಜವಾದವನ್ನು ಇಡೋಣ ಎಂದು. ಖಾಲಾ ಅಷ್ಟರಲ್ಲಿ ಉಳಿದ ಕೋಳಿಗಳು ಹೊಸದಾಗಿ ಇಟ್ಟ ಮೊಟ್ಟೆಗಳನ್ನು ಕೂಡಿಸಿ, ಇದ್ದಿಲಿನಿಂದ ಗುರುತು ಹಾಕಿ, ಜೋಳದ ಗಡಿಗೆಯಲ್ಲಿ ಇಟ್ಟಳು.

ಮರುದಿನ ದೀಪ ಹಚ್ಚಿದ ಮೇಲೆ, ಕತ್ತಲು ಕೂಡಿಕೊಳ್ಳುವಾಗ, ಮೊದಲು ಹುಲ್ಲನ್ನು ಸಾಗಿಸಿದರು. ಹೊಸ ಹುಲ್ಲಲ್ಲ, ಪೆಟ್ಟಿಗೆಯಲ್ಲಿದ್ದ ಅದೇ ಹುಲ್ಲು. ಅಟ್ಟದಿಂದ ಪೆಟ್ಟಿಗೆ ಇಳಿಸಿ, ಹುಲ್ಲನ್ನು ಬಾಚಿ ತಂದು ಗೂಡಿನಲ್ಲಿ ಹರಡಿ, ಅಂಗೈಯಿಂದ ಒತ್ತಿ ನಡುವೆ ತಗ್ಗು ಮಾಡಿದರು. ಸುಣ್ಣದ ಮೊಟ್ಟೆಗಳನ್ನು ಇಟ್ಟರು. ಆಮೇಲೆ ಕೋಣೆಗೆ ಹೋಗಿ ಹಿಂದಿನಿಂದ ಎರಡೂ ಕೈಗಳನ್ನು ಕೋಳಿಯ ಹೊಟ್ಟೆಯ ಕೆಳಗೆ ತೂರಿಸಿದರು. ಅದು ತಿರುಗಿ ಮಣಿಕಟ್ಟಿಗೆ ಕುಕ್ಕಿತು, ಬಿಟ್ಟು ಮತ್ತೆ ಕುಕ್ಕಿತು. ಅವರು ಕೈ ಕೊಸರಲಿಲ್ಲ. ನಾನು ನನ್ನ ಹಳೆಯ ಸೀರೆಯ ತುಂಡನ್ನು ಅದರ ತಲೆಯ ಮೇಲೆ ಹಾಕಿದೆ. ಅಂಗಳ ದಾಟುವಾಗ, "ಆತು, ಆತು, ಬಂದ್ವಿ" ಎಂದು ಅವರು ಕೋಳಿಗೆ ಹೇಳುತ್ತಿದ್ದರು. ನನಗೆ ಅಂಥ ಮೆತ್ತಗಿನ ದನಿಯಲ್ಲಿ ಅವರು ಎಂದೂ ಮಾತಾಡಿರಲಿಲ್ಲ. ನಿಜ ಹೇಳಬೇಕೆಂದರೆ ಒಂದಿಷ್ಟು ಹೊಟ್ಟೆಕಿಚ್ಚೂ ಆಯಿತು.

ಗೂಡಿಗೆ ಬಿಟ್ಟು, ಬಾಗಿಲಿಗೆ ಗೋಣಿಚೀಲ ಇಳಿಬಿಟ್ಟು, ಅವರು ಅಲ್ಲೇ ಮುಂದೆ ಕೂತರು. ಒಳಗೆ ಪರಚಾಟ ಕೇಳಿತು, ಆಮೇಲೆ ಹುಲ್ಲು ಸರಿಸುವ ಸದ್ದು, ಆಮೇಲೆ ಏನೂ ಇಲ್ಲ. ಗೋಣಿಯನ್ನು ಬೆರಳಗಲ ಸರಿಸಿ ನೋಡಿದರೆ ಅದು ಸುಣ್ಣದ ಮೊಟ್ಟೆಗಳನ್ನು ಕೊಕ್ಕಿನಿಂದ ಹೊಟ್ಟೆಯಡಿಗೆ ಎಳೆದುಕೊಳ್ಳುತ್ತಿತ್ತು. ಕೋಳಿ ನೆಲೆ ನಿಂತ ಮೇಲೆ ಇನ್ನೊಂದು ಸಂಜೆ ಒಂದೊಂದಾಗಿ ತೆಗೆದು ಖಾಲಾಳ ಮೊಟ್ಟೆಗಳನ್ನು ಇಟ್ಟೆವು.

ಮುಂದಿನ ಮೂರು ವಾರ ಕೋಳಿಯ ಚಾಕರಿ ಅವರದೇ. ದಿನಕ್ಕೊಮ್ಮೆ ಅದನ್ನು ಹೊರಗೆ ಬಿಡಬೇಕು. ಅದು ಕಾಳು ತಿಂದು, ನೀರು ಕುಡಿದು, ಬೂದಿಯಲ್ಲಿ ಹೊರಳಾಡಿ, ಮೊಟ್ಟೆ ಆರುವುದರೊಳಗೆ ಗೂಡಿಗೆ ಮರಳಬೇಕು. ಹಳೆಯ ಕೋಣೆಯ ಕಡೆ ತಿರುಗಿದರೆ ಅಡ್ಡ ನಿಲ್ಲಬೇಕು. ಬೆಕ್ಕು ಬರದಂತೆ, ಬೇರೆ ಕೋಳಿ ನುಗ್ಗದಂತೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯಬೇಕು. ಅವರು ಇದಕ್ಕೆ ಆರಿಸಿಕೊಂಡದ್ದು ಕೆಲಸದಿಂದ ಮರಳಿದ ಹೊತ್ತು, ಹೊತ್ತು ಮುಳುಗುವ ಹೊತ್ತು. ಅವರೇ ಬೇಕೆಂದು ಆರಿಸಿಕೊಂಡರೋ, ಹಾಗೆ ಕೂಡಿಬಂತೋ ನಾನು ಕೇಳಲಿಲ್ಲ.

ಒಂದು ಬಟವಾಡೆಯ ದಿನ ಸಂಗಡಿಗರಿಬ್ಬರು ಬಾಗಿಲಿಗೇ ಬಂದರು. "ಬರ್ತೀರೇನ್ರಿ ಗೌಂಡ್ಯಾರ? ಬಜಾರದ ಕಡಿ ಹೊಂಟೀವಿ."

ನಾನು ಒಳಗೆ ಹಿಟ್ಟು ನಾದುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದೆ.

"ಈಗ ಆಗಂಗಿಲ್ಲಪಾ" ಎಂದರು ಅವರು. "ಕೋಳಿ ಹೊರಗ ಬಂದದ. ಅದು ಒಳಗ ಹೋಗೂತನಾ ನಾ ಏಳಾಂಗಿಲ್ಲ."

ಬಂದವರು ನಕ್ಕರು, ಏನೋ ಚೇಷ್ಟೆ ಮಾಡಿದರು, ಹೋದರು. ಹಿಟ್ಟು ಅಂದು ಹದಕ್ಕಿಂತ ಹೆಚ್ಚೇ ಮೆತ್ತಗಾಯಿತು. ಎಷ್ಟು ಹೊತ್ತು ನಾದಿದೆನೋ ನನಗೇ ಗೊತ್ತಾಗಲಿಲ್ಲ.

ಒಂದು ಬೆಳಿಗ್ಗೆ ನಾನು ಅಂಗಳ ಗುಡಿಸುವಾಗ ಅವರು ಗೂಡಿನ ಮುಂದೆ ಕೂತು ಸುಮ್ಮನೆ ಕೈ ಬೀಸಿ ನನ್ನನ್ನು ಕರೆದರು. ಫರಸಿಯ ಮೇಲೆ ಕಿವಿಯಿಟ್ಟರೆ ಒಳಗಿನಿಂದ ಚಿಂವ್ ಚಿಂವ್ ಸದ್ದು. ಕೋಳಿಯ ರೆಕ್ಕೆಯ ಸಂದಿಯಿಂದ ಒಂದು ಒದ್ದೆ ತಲೆ ಇಣುಕಿ ಮತ್ತೆ ಒಳಗೆ ಹೋಯಿತು. ಎರಡು ಮೊಟ್ಟೆ ಕೆಟ್ಟವು, ಉಳಿದವೆಲ್ಲ ಮರಿಯಾದವು. ಖಾಲಾ ಸಂತೆಗೆ ಹೋಗುವುದನ್ನೂ ಬಿಟ್ಟು, ನುಚ್ಚು ನೆನೆಹಾಕಿಕೊಂಡು, ಅಂಗಳದಲ್ಲಿ ಚಾಪೆ ಹಾಸಿ ಕೂತಳು. ಅಂದು ನಮ್ಮೆಲ್ಲರಿಗೂ ಹಬ್ಬ.

ಮರಿಗಳು ಅಂಗಳದ ತುಂಬ ಓಡಾಡುತ್ತಿದ್ದ ಒಂದು ಸಂಜೆ, ಚಹಾ ಕುಡಿಯುತ್ತಿದ್ದಾಗ, ಖಾಲಾ ಇದ್ದಕ್ಕಿದ್ದಂತೆ ಕೇಳಿದಳು. "ಗೌಂಡ್ಯಾರ, ಆವತ್ತ ನಾ ಮೊದಲ ಸಲ ಕರದಾಗ ಯಾಕ ಹಂಗ ನಿಂತ್ರಿ? ನನ್ನ ಹೊಡಿಯಾಕ ಬಂದಂಗ ಮಾರಿ ಮಾಡಿದ್ರಿ."

ಏನಾದರೊಂದು ಸುಳ್ಳು ಹೇಳಿ ತೇಲಿಸಲಿ ಎಂದು ಅವರ ಕಡೆ ನೋಡಿದೆ. ಅವರು ಬಟ್ಟಲನ್ನು ನೆಲಕ್ಕಿಟ್ಟರು.

"ನಾ ಕುಡೀತಿದ್ದೆ ಖಾಲಾ" ಎಂದರು. "ದೇವದುರ್ಗದಾಗ. ಬಾಳ ಕುಡೀತಿದ್ದೆ. ನೀವು ಕುಡಕ್ ಅಂದಿದ್ದು ನನಗ ಅಂತ ತಿಳದಿದ್ದೆ."

ಖಾಲಾ ಒಂದು ಮರಿಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. "ಅದು ನನಗ ಗೊತ್ತದ" ಎಂದಳು.

"ಯಾವಾಗಿಂದ?"

"ನೀವು ಮನಿ ಕೇಳಾಕ ಬಂದ ದಿನದಿಂದ. ದೇವದುರ್ಗದ ಸಂತಿಗಿ ನಾ ಎಷ್ಟು ವರ್ಷಾತು ಹೋಗಾಕತ್ತು. ಬಳಿ ಇಟಗೊಳ್ಳೂ ಹೆಣ್ಮಕ್ಕಳು ಕೈ ನನ್ನ ಕೈಯಾಗ ಕೊಟ್ಟು ಊರ ಸುದ್ದಿ ಎಲ್ಲಾ ಹೇಳ್ತಾರ. ನಿಮ್ಮನ್ನ ಅಲ್ಲೇ ನೋಡೀನಿ, ಅಂಗಡಿ ಮುಂದ ಬಿದ್ದಿದ್ರಿ."

"ಗೊತ್ತಿದ್ದೂ ಮನಿ ಕೊಟ್ರಿ?"

"ಖಾಲಿ ಇತ್ತು, ಕೇಳಿದ್ರಿ, ಕೊಟ್ಟೆ." ಆಮೇಲೆ ಮರಿಯ ಬೆನ್ನು ಸವರುತ್ತ ಅಂದಳು, "ಬಿಡಬೇಕಂತ ಬಂದೀರಿ ಅನ್ನೂದು ನಿಮ್ಮ ಮಾರಿ ಮ್ಯಾಲೆ ಕಾಣಾಕತ್ತಿತ್ತು. ಅದನ್ಯಾಕ ಬಾಯಿಲೆ ಆಡೂದು?"

ಯಾರಿಗೂ ಗೊತ್ತಿಲ್ಲ ಎಂಬ ಒಂದೇ ಧೈರ್ಯದ ಮೇಲೆ ನಾವು ಆ ಊರಿನಲ್ಲಿ ಉಸಿರಾಡಿಕೊಂಡಿದ್ದೆವು. ಎಲ್ಲ ಗೊತ್ತಿದ್ದವಳು ಹತ್ತು ಹೆಜ್ಜೆಯಾಚೆ ಕೂತು ನಮಗೆ ಖಿಚಡಿ ಕಳಿಸುತ್ತಿದ್ದಳು. ನನ್ನ ಗಂಡ ನೆಲಕ್ಕಿಟ್ಟ ಬಟ್ಟಲನ್ನು ಮತ್ತೆ ಕೈಗೆತ್ತಿಕೊಂಡರು. ಕಣ್ಣುಗಳು ಒದ್ದೆಯಾಗಿದ್ದವು, ಆದರೆ ಅವರ ಭುಜದಿಂದ ಏನೋ ಇಳಿದಿತ್ತು. ಅದು ನನ್ನ ಭುಜದಿಂದಲೂ ಇಳಿಯಿತು.

ಅಲ್ಲಿಂದಾಚೆ ಅವರು ಎಂದೂ ಕುಡಿಯಲಿಲ್ಲ ಎಂದು ಬರೆದರೆ ಓದುವವರಿಗೆ ಸಮಾಧಾನವಾದೀತು, ಆದರೆ ಅದು ಸುಳ್ಳು. ಮರುವರ್ಷ ದೇವದುರ್ಗದಲ್ಲಿ ಅವರ ಅಣ್ಣನ ಮಗಳ ಮದುವೆ. ನನಗೆ ರಜೆ ಸಿಗಲಿಲ್ಲ, ಅವರೊಬ್ಬರೇ ಹೋದರು. ಮರಳಿದಾಗ ಸಂಜೆಯಾಗಿತ್ತು. ಓಣಿಯಲ್ಲಿ ಅವರ ನಡಿಗೆ ಕೇಳಿಯೇ ನನಗೆ ತಿಳಿಯಿತು. ಹಳೆಯ ಕಾಲದಲ್ಲಾದರೆ ಗೋಡೆ ಹಿಡಿದು ತೆಪ್ಪಗೆ ಬಂದು ಮಲಗಿಬಿಡುತ್ತಿದ್ದರು. ಅಂದು ಅವರು ನಮ್ಮ ಬಾಗಿಲಿಗೆ ಬರಲಿಲ್ಲ. ಅಂಗಳದ ನಡುವೆ ನಿಂತು ಖಾಲಾಳನ್ನು ಕೂಗಿದರು.

"ಖಾಲಾ, ನಾ ಇವತ್ತ ಕುಡದು ಬಂದೀನಿ. ಬ್ಯಾರೆದವರು ಹೇಳೂ ಮುಂಚೆ ನಾನ ಹೇಳಾಕತ್ತೀನಿ."

ಖಾಲಾ ಲಾಟೀನು ಹಿಡಿದು ಹೊರಗೆ ಬಂದು ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಕಾಲು ತೊಳಕೊಂಡು ಒಳಗ ಹೋಗ್ರಿ" ಎಂದಳು. "ಬಾಯಾರು ಉಣ್ಣಲಾರದ ಕಾಯಾಕತ್ತಾರ. ನಾಳೆ ಕೆಲಸ ಅದ."

ಅವರು ಕಾಲು ತೊಳೆದುಕೊಂಡು ಬಂದರು. ಓಣಿಯಲ್ಲಿ ಹೆಜ್ಜೆ ಕೇಳಿದಾಗಿನಿಂದ ನಾನು ನಾಲಗೆಯ ತುದಿಯಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತುಗಳನ್ನು ಅಲ್ಲೇ ಬಿಟ್ಟು ತಾಟು ಹಾಕಿದೆ. ಅವರು ಎದುರಿಗೆ ಕೂತು ರೊಟ್ಟಿ ಮುರಿದರು. ಮದುವೆಯಾದ ಮೇಲೆ ಕುಡಿದು ಬಂದ ಗಂಡನಿಗೆ ನಾನು ನಾಳೆ ಹೇಗೋ ಎಂಬ ಹೆದರಿಕೆಯಿಲ್ಲದೆ ಬಡಿಸಿದ್ದು ಅಂದೇ ಮೊದಲು.